ಹೈಸ್ಕೂಲ್ ವಾಲಿಬಾಲ್ ತಂಡ: ಆಟಗಾರರು, ಮನೆಯವರು, ಮಾಸ್ತರರು ಜುಲೈನಲ್ಲೇ ಆಡಿ ಮುಗಿಸಬೇಕಾದ ಮಾತು

ತಾಲೂಕು ಪಂದ್ಯದ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ತಲೆ ಎಣಿಸಿದರೆ ಪಟ್ಟಿಯಲ್ಲಿದ್ದ 12 ಹೆಸರು 9ಕ್ಕೆ ಇಳಿದಿರುತ್ತದೆ. ಒಬ್ಬ ಆಧಾರ್ ಪ್ರತಿ ತಂದಿಲ್ಲ. ಒಬ್ಬಳನ್ನು ಮನೆಯಲ್ಲಿ ಕಳಿಸಲಿಲ್ಲ, ಜೊತೆಗೆ ಯಾವ ಅಕ್ಕೋರು (ಶಿಕ್ಷಕಿ) ಬರುತ್ತಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇನ್ನೊಬ್ಬನ ಕಾಲು ಉಳುಕಿ ಎರಡು ವಾರವಾಗಿದೆ, ತಂಡದಿಂದ ತೆಗೆದಾರೆಂದು ಬಾಯಿ ಬಿಟ್ಟಿಲ್ಲ. ಈ ಮೂರರಲ್ಲಿ ಒಂದೂ ಆಟದ ಸಮಸ್ಯೆ ಅಲ್ಲ. ತಿಂಗಳ ಮೊದಲು ಒಂದು ತಾಸು ಕೂತು ಮಾತಾಡಿದ್ದರೆ ಬಗೆಹರಿಯುತ್ತಿದ್ದವು.

ಆ ಒಂದು ತಾಸಿನಲ್ಲಿ ಏನೇನು ಮಾತಾಗಬೇಕು, ಆಮೇಲೆ ಯಾರು ಯಾವುದಕ್ಕೆ ಹೊಣೆ ಎಂಬುದು ಇಲ್ಲಿದೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿ ಮತ್ತು ಶಿರಸಿ ಸೀಮೆಯ ಶಾಲೆಗಳನ್ನು ಕಣ್ಣೆದುರು ಇಟ್ಟುಕೊಂಡು ಬರೆದದ್ದು.

ಸಭೆ ಯಾವಾಗ ಕರೆಯಬೇಕು

ಜುಲೈನಲ್ಲಿ. ಅದಕ್ಕೊಂದು ಕಾರಣವಿದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಬೋಟಿಗೆ ಹೋಗುವ ಅಪ್ಪಂದಿರು ವರ್ಷದಲ್ಲಿ ಇಷ್ಟು ದಿನ ಮನೆಯಲ್ಲಿ ಸಿಗುವುದು ಆಗ ಮಾತ್ರ. ಆಗಸ್ಟ್ ಬಂತೆಂದರೆ ಬೋಟು ಕಡಲಿಗಿಳಿಯುತ್ತದೆ, ನೀವು ಕರೆದ ಸಭೆಗೆ ಅರ್ಧ ಜನ ಬರುವುದಿಲ್ಲ. ಗದ್ದೆಯವರಿಗೆ ಜುಲೈ ಎಂದರೆ ನಾಟಿ, ಘಟ್ಟದ ಮೇಲಿನವರಿಗೆ ಮಳೆ ಹೊಳವಾದ ಗಳಿಗೆ ನೋಡಿ ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲ. ಹಾಗಾಗಿ ಬೆಳಗಿನ ಹೊತ್ತು ಬೇಡ. ಮಧ್ಯಾಹ್ನ ಊಟವಾಗಿ 3 ಗಂಟೆಗೆ ಕರೆದರೆ ಮೀನು ಮಾರಿ ಬಂದ ಅಮ್ಮಂದಿರಿಗೂ ಅನುಕೂಲ. ಕಾರವಾರದಲ್ಲಾದರೆ ಭಾನುವಾರ ಸಂತೆ, ಬೇರೆ ದಿನ ನೋಡಿ.

ಚೀಟಿಯಲ್ಲಿ ‘ಪಾಲಕರು ಬರಬೇಕು’ ಎಂದಷ್ಟೇ ಬರೆದರೆ ಅಪ್ಪ ಬರುತ್ತಾನೆ, ತಲೆಯಾಡಿಸಿ ಹೋಗುತ್ತಾನೆ. ಮಗುವನ್ನು ಬೆಳಿಗ್ಗೆ ಎಬ್ಬಿಸುವವರು, ಬುತ್ತಿ ಕಟ್ಟುವವರು, ‘ಇವತ್ತು ಬೇಡ’ ಎನ್ನುವವರು ಬೇರೆ. ಅವರನ್ನೇ ಕರೆಯಿರಿ.

ಮೊದಲು ಪಂದ್ಯಗಳ ಮೆಟ್ಟಿಲು ವಿವರಿಸಿ. ವಲಯ, ತಾಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಶೈಕ್ಷಣಿಕ ಜಿಲ್ಲೆ ಎರಡು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಒಂದು ಕಡೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಇನ್ನೊಂದು ಕಡೆ. ತಾಲೂಕು ಗೆದ್ದರೆ ಮುಂದಿನ ಪಂದ್ಯ ಎಷ್ಟು ದೂರ, ರಾತ್ರಿ ಉಳಿಯಬೇಕಾಗುತ್ತದೆಯೇ ಎಂದು ಮನೆಯವರು ಕೇಳುವುದು ಇದನ್ನು ನೋಡಿಯೇ. ಗೆಲ್ಲುವ ಮೊದಲೇ ಇದನ್ನು ಕೇಳುವುದು ಅಪಶಕುನ ಎಂದು ಕೆಲವರು ಸುಮ್ಮನಿರುತ್ತಾರೆ. ಗೆದ್ದ ಸಂಜೆ ‘ಬೆಳಗಾವಿಗೆಲ್ಲ ಕಳಿಸುವುದಿಲ್ಲ’ ಎನ್ನುವುದಕ್ಕಿಂತ ಈಗ ಕೇಳುವುದೇ ಲೇಸು.

ಇನ್ನೊಂದು ಸಂಗತಿ ಚೌತಿ. ಪಂದ್ಯಗಳು ನಡೆಯುವ ದಿನಗಳಲ್ಲೇ ಗಣಪತಿ ಬರುತ್ತಾನೆ. ಅಜ್ಜನ ಮನೆಗೆ ಹೋದ ಹುಡುಗ ಮೂರು ದಿನಕ್ಕೆಂದು ಹೋಗಿ ಎಂಟು ದಿನಕ್ಕೆ ಬಂದರೆ ತಂಡದ ಲಯ ತಪ್ಪುತ್ತದೆ. ಹಬ್ಬಕ್ಕೆ ಎಷ್ಟು ದಿನ ರಜೆ, ಯಾವ ದಿನ ಮೈದಾನಕ್ಕೆ ವಾಪಸು ಎಂಬುದನ್ನು ಜುಲೈನಲ್ಲೇ ಬರೆದಿಡಿ.

ಕಾಗದ ಪತ್ರ

ಇದು ಬೇಸರದ ಕೆಲಸ, ಆದರೆ ಅತಿ ಹೆಚ್ಚು ತಂಡಗಳು ಎಡವುವುದು ಇಲ್ಲೇ. ಪ್ರತಿ ಆಟಗಾರನ ಹೆಸರಿನಲ್ಲಿ ಒಂದು ಪ್ಲಾಸ್ಟಿಕ್ ಫೈಲು: ಆಧಾರ್ ಪ್ರತಿ ಎರಡು, ಪಾಸ್‌ಪೋರ್ಟ್ ಅಳತೆಯ ಫೋಟೋ ನಾಲ್ಕು, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಜನ್ಮದಿನಾಂಕದ ದಾಖಲೆ, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ನಂಬರು) ಬರೆದ ಚೀಟಿ, ಮನೆಯ ಎರಡು ಫೋನ್ ನಂಬರು. ಮಳೆಗಾಲದಲ್ಲಿ ಕಾಗದ ನೆನೆಯದೆ ಉಳಿಯಬೇಕಾದರೆ ಇದನ್ನು ಹುಡುಗರ ಚೀಲದಲ್ಲಿಡದೆ ಮಾಸ್ತರರ ಕಪಾಟಿನಲ್ಲಿಡಿ.

ಆಧಾರ್ ಮತ್ತು ಶಾಲೆಯ ದಾಖಲೆ ಎರಡರಲ್ಲೂ ಹೆಸರಿನ ಕಾಗುಣಿತ, ಜನ್ಮದಿನಾಂಕ ಒಂದೇ ಇವೆಯೇ ಎಂದು ಪಾಲಕರು ಅದೇ ದಿನ ನೋಡಬೇಕು. ಒಂದರಲ್ಲಿ ಹುಡುಗನ ಹೆಸರಿಗೆ ಅಪ್ಪನ ಹೆಸರು ಸೇರಿಕೊಂಡಿರುತ್ತದೆ, ಇನ್ನೊಂದರಲ್ಲಿ ಮನೆತನದ ಹೆಸರಿರುತ್ತದೆ. ತಿದ್ದಿಸಲು ವಾರಗಳು ಹಿಡಿಯುತ್ತವೆ. ಪಂದ್ಯದ ಹಿಂದಿನ ದಿನ ಆಗುವ ಕೆಲಸವಲ್ಲ.

ವಯಸ್ಸಿನ ವಿಷಯದಲ್ಲಿ ಜಾಣತನ ಬೇಡ. ಆ ವರ್ಷದ ಸುತ್ತೋಲೆಯಲ್ಲಿ ಯಾವ ತಾರೀಖಿಗೆ ಎಷ್ಟು ವಯಸ್ಸು ಎಂದು ಬರೆದಿರುತ್ತದೆ, ಅದೇ ಕೊನೆ. ಒಬ್ಬನ ದಾಖಲೆ ತಿದ್ದಿದ್ದು ಸಿಕ್ಕಿಬಿದ್ದರೆ ಹೊರಗೆ ಹೋಗುವುದು ಅವನೊಬ್ಬನೇ ಅಲ್ಲ, ಉಳಿದ ಹನ್ನೊಂದು ಮಕ್ಕಳ ವರ್ಷವೂ ಹೋಗುತ್ತದೆ.

ಅಭ್ಯಾಸಕ್ಕೆ ಬರುವುದೆಂದರೆ

ವಾರಕ್ಕೆ ನಾಲ್ಕು ದಿನ, ದಿನಕ್ಕೆ 75 ನಿಮಿಷ ಸಾಕು. ಇದಕ್ಕಿಂತ ಹೆಚ್ಚು ಮಾಡಿದರೆ ಬೆಳೆಯುವ ಮಕ್ಕಳ ಮಂಡಿ ತಾಳುವುದಿಲ್ಲ, ಕೊನೆಯ ಬಸ್ಸೂ ತಪ್ಪುತ್ತದೆ. ಹಳ್ಳಿಯ ಶಾಲೆಯಲ್ಲಿ ಅಭ್ಯಾಸದ ವೇಳೆಯನ್ನು ನಿರ್ಧರಿಸುವುದು ಬಸ್ಸೇ. ಮೊದಲು ಬಸ್ಸಿನ ಸಮಯ ಹಲಗೆಯ ಮೇಲೆ ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸಿ ಅಭ್ಯಾಸ ಮುಗಿಸುವ ಹೊತ್ತು ಗೊತ್ತುಮಾಡಿ. ಹೊಳೆಯಾಚೆಯಿಂದ ಬರುವ ಮಕ್ಕಳಿದ್ದರೆ ಮಳೆಗಾಲದಲ್ಲಿ ಇನ್ನೂ ಒಂದು ತಾಸು ಮೊದಲೇ ಬಿಡಬೇಕು.

75 ನಿಮಿಷ ಹೀಗೆ ಹಂಚಿ. ಮೈ ಬಿಸಿಯಾಗಲು 10: ನಿಧಾನ ಓಟ, ಪಕ್ಕಕ್ಕೆ ಹೆಜ್ಜೆ, ಭುಜ ತಿರುಗಿಸುವುದು. ಸರ್ವ್ 15. ರಿಸೀವ್, ಅಂದರೆ ಎದುರಿನವರ ಸರ್ವ್ ತಡೆದು ಎತ್ತುವುದು, 20. ಲಿಫ್ಟ್ (ಹೊಡೆಯುವವನಿಗೆ ಚೆಂಡು ಎತ್ತಿಕೊಡುವುದು, ಅದನ್ನು ಮಾಡುವವನು ಲಿಫ್ಟರ್) ಮತ್ತು ಅಟ್ಯಾಕ್ 15. ಕೊನೆಯ 15 ಆಟ. ಹುಡುಗರು ಬಂದ ಕೂಡಲೇ ನೆಟ್ಟಿನ ಮುಂದೆ ಸಾಲು ನಿಂತು ಸ್ಮ್ಯಾಶ್ ಹೊಡೆಯಲು ನೋಡುತ್ತಾರೆ. ಬಿಡಬೇಡಿ. ತಣ್ಣಗಿನ ಭುಜಕ್ಕೆ ಅದರಷ್ಟು ಕೆಟ್ಟದ್ದು ಬೇರೊಂದಿಲ್ಲ, ಮೇಲಾಗಿ ಹೈಸ್ಕೂಲ್ ಮಟ್ಟದಲ್ಲಿ ಸೆಟ್ ಹೋಗುವುದು ಸ್ಮ್ಯಾಶ್ ಬಾರದ್ದಕ್ಕಲ್ಲ.

ಲೆಕ್ಕ ಹಾಕಿ ನೋಡಿ. ಸೆಟ್ಟಿಗೆ 25 ಪಾಯಿಂಟು. ಆರು ಜನ ಒಂದೊಂದು ಸರ್ವ್ ನೆಟ್ಟಿಗೆ ಹೊಡೆದರೆ ಎದುರಿನವರಿಗೆ 6 ಪಾಯಿಂಟು ಪುಕ್ಕಟೆ. ಹಾಗಾಗಿ ನಿಯಮ ಹೀಗಿರಲಿ: ಕೆಳಗಿನಿಂದ ಹೊಡೆಯುವ ಸರ್ವ್ ಆದರೂ ಸರಿ, ಹತ್ತಕ್ಕೆ 8 ಒಳಗೆ ಬೀಳುವವರೆಗೆ ಜಂಪ್ ಸರ್ವ್ ಕನಸು ಬೇಡ. ರೆಫ್ರಿ ಸೀಟಿ ಊದಿದ ಮೇಲೆ 8 ಸೆಕೆಂಡು ಇರುತ್ತದೆ. ಅವಸರ ಮಾಡಿ ಹೊಡೆದು ಹಾಳುಮಾಡುವವರೇ ಹೆಚ್ಚು. ಅಭ್ಯಾಸದಲ್ಲೂ ಸೀಟಿ ಊದಿ, ಮನಸ್ಸಿನಲ್ಲಿ ನಾಲ್ಕು ಎಣಿಸಿ ಹೊಡೆಯುವುದನ್ನು ರೂಢಿಸಿ.

ರಿಸೀವ್‌ಗೆ ಒಂದು ಪುಸ್ತಕ ಇಡಿ. ಚೆಂಡು ಲಿಫ್ಟರ್ ನಿಂತಲ್ಲಿಗೇ ಹೋದರೆ 3, ಅವನು ಎರಡು ಹೆಜ್ಜೆ ಓಡಬೇಕಾದರೆ 2, ಹೇಗೋ ಆಚೆ ದಾಟಿಸಿದರೆ 1, ನೆಲಕ್ಕೆ ಬಿದ್ದು ಸತ್ತರೆ 0. ಬೆಂಚಿನಲ್ಲಿ ಕೂತವರು ಇದನ್ನು ಬರೆಯಲಿ. ಅವರಿಗೆ ಕೆಲಸವಾಯಿತು, ಕಣ್ಣು ಆಟದ ಮೇಲಿರುತ್ತದೆ, ಮತ್ತು ‘ನಮ್ಮವನನ್ನು ಯಾಕೆ ಇಳಿಸಲಿಲ್ಲ’ ಎಂದು ಕೇಳಿಬರುವ ಅಪ್ಪನಿಗೆ ತೋರಿಸಲು ಮಾಸ್ತರರ ಕೈಯಲ್ಲಿ ಪುಸ್ತಕವಿರುತ್ತದೆ.

ಬರಲಾಗದ ದಿನ ಆಟಗಾರನೇ ಹೇಳಬೇಕು. ಗೆಳೆಯನ ಹತ್ತಿರ ಹೇಳಿ ಕಳಿಸುವುದು, ಅಮ್ಮನ ಕೈಯಲ್ಲಿ ಫೋನ್ ಮಾಡಿಸುವುದು ಬೇಡ. ‘ಸರ್, ನಾಳೆ ಗದ್ದೆ ಕೆಲಸವಿದೆ, ಬರಲಾಗುವುದಿಲ್ಲ’ ಎಂದರೆ ಮುಗಿಯಿತು. ಗದ್ದೆ ಕೆಲಸ, ಮನೆಯಲ್ಲಿ ಸೂತಕ, ಜ್ವರ, ಪರೀಕ್ಷೆ ಇವು ಒಪ್ಪುವ ಕಾರಣಗಳು. ರಾತ್ರಿಯಿಡೀ ಮೊಬೈಲ್ ನೋಡಿ ಬೆಳಿಗ್ಗೆ ಏಳಲಾಗದ್ದು ಅಲ್ಲ. ಹೇಳದೆ ಮೂರು ಸಲ ತಪ್ಪಿಸಿದವನು ಮುಂದಿನ ಪಂದ್ಯದಲ್ಲಿ ಬೆಂಚಿನಲ್ಲಿ ಕೂರುತ್ತಾನೆ, ತಂಡದ ಅತ್ಯುತ್ತಮ ಅಟ್ಯಾಕರ್ ಆದರೂ. ಈ ನಿಯಮವನ್ನು ಒಬ್ಬನಿಗಾಗಿ ಒಮ್ಮೆ ಮುರಿದರೆ ಆ ವರ್ಷಕ್ಕೆ ನಿಮ್ಮ ಬೇರೆ ಯಾವ ನಿಯಮವೂ ನಡೆಯುವುದಿಲ್ಲ.

ಯಾರು ಆಡುತ್ತಾರೆ, ಯಾರು ಕೂರುತ್ತಾರೆ

ಪಾಲಕರ ಮುನಿಸಿನಲ್ಲಿ ಮುಕ್ಕಾಲು ಪಾಲು ಇದೇ. ಹನ್ನೆರಡು ಜನ ಹೋಗುತ್ತಾರೆ, ಆರು ಜನ ಆಡುತ್ತಾರೆ. ಬೇಕಾದಾಗ ಬೇಕಾದವರನ್ನು ಒಳಹೊರಗೆ ಮಾಡಬಹುದು ಎಂದು ಬಹಳ ಮಂದಿ ತಿಳಿದಿರುತ್ತಾರೆ. ವಾಲಿಬಾಲಿನಲ್ಲಿ ಹಾಗಿಲ್ಲ. ಅಂತರರಾಷ್ಟ್ರೀಯ ನಿಯಮದಂತೆ ಒಂದು ಸೆಟ್ಟಿಗೆ ಬದಲಾವಣೆ 6 ಮಾತ್ರ. ಮೊದಲು ಇಳಿದವನು ಒಮ್ಮೆ ಹೊರಗೆ ಹೋಗಿ ಒಮ್ಮೆ ವಾಪಸು ಬರಬಹುದು, ಅದೂ ತನ್ನ ಜಾಗಕ್ಕೇ. ಅವನ ಬದಲಿಗೆ ಬಂದವನು ಅವನಿಗೇ ಜಾಗ ಬಿಟ್ಟು ಹೊರಡಬೇಕು, ಆ ಸೆಟ್ಟಿನಲ್ಲಿ ಮತ್ತೆ ಇಳಿಯುವಂತಿಲ್ಲ. 14-14 ಇರುವಾಗ ‘ಹುಡುಗ ಬೇಸರ ಮಾಡಿಕೊಂಡಾನು’ ಎಂದು ಒಬ್ಬೊಬ್ಬರನ್ನಾಗಿ ಇಳಿಸಿ ಆರೂ ಮುಗಿಸಿದರೆ, 22-22ರಲ್ಲಿ ನಿಜವಾಗಿ ಬದಲಾವಣೆ ಬೇಕಾದಾಗ ಮಾಸ್ತರರ ಕೈ ಖಾಲಿ.

ಗಿಡ್ಡ ಮಕ್ಕಳ ಪಾಲಕರಿಗೆ ಲಿಬೆರೊ ಎಂದರೇನೆಂದು ಬಿಡಿಸಿ ಹೇಳಿ. ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಆಡುವವನು. ಅವನ ಒಳಹೊರಗು ಆ ಆರರ ಲೆಕ್ಕಕ್ಕೆ ಸೇರುವುದಿಲ್ಲ. ಸರ್ವ್ ಮಾಡುವಂತಿಲ್ಲ, ನೆಟ್ಟಿನ ಮುಂದೆ ನೆಗೆದು ಚೆಂಡು ತಡೆಯುವ ಬ್ಲಾಕ್‌ಗೆ ಹೋಗುವಂತಿಲ್ಲ. ‘ನಮ್ಮ ಹುಡುಗನಿಗೆ ಮಾತ್ರ ಬೇರೆ ಅಂಗಿ ಕೊಟ್ಟು ಮೂಲೆಗೆ ನಿಲ್ಲಿಸಿದ್ದಾರೆ’ ಎಂದು ಒಂದು ಮನೆಯಲ್ಲಾದರೂ ಅನಿಸಿಯೇ ಅನಿಸುತ್ತದೆ. ಆದರೆ ಒಳ್ಳೆಯ ಲಿಬೆರೊ ಇರುವ ಶಾಲಾ ತಂಡ ಸಿಗುವುದೇ ಅಪರೂಪ, ಎತ್ತರದ ಹುಡುಗರು ಎಲ್ಲ ತಂಡದಲ್ಲೂ ಇದ್ದಾರೆ. ಅಂದಹಾಗೆ ಊರವರಿಂದ ವಂತಿಗೆ ಎತ್ತಿ ಜೆರ್ಸಿ ಹೊಲಿಸುವವರು ಹನ್ನೆರಡನ್ನೂ ಒಂದೇ ಬಣ್ಣದಲ್ಲಿ ಹೊಲಿಸಿ ಆಮೇಲೆ ತಲೆ ಕೆರೆದುಕೊಳ್ಳುತ್ತಾರೆ. 10 ಒಂದು ಬಣ್ಣ, 2 ಎದ್ದು ಕಾಣುವ ಬೇರೆ ಬಣ್ಣ. ನಂಬರು ಎದೆಗೂ ಬೆನ್ನಿಗೂ ಬೇಕು. ದಾನಿಗಳ ಹೆಸರು ನಂಬರನ್ನು ನುಂಗದಿರಲಿ.

ಮಗುವಿಗೆ ಆಡಲು ಸಿಗಲಿಲ್ಲವೆಂದು ಕೇಳುವುದು ತಪ್ಪಲ್ಲ. ಕೇಳುವ ಹೊತ್ತು ಮತ್ತು ರೀತಿ ಇದೆ. ಪಂದ್ಯ ಮುಗಿದ ಮೈದಾನದಲ್ಲಿ ಬೇಡ, ಒಂದು ರಾತ್ರಿ ಮಲಗಿ ಏಳಿ. ಮೊದಲು ಹುಡುಗನೇ ಮಾಸ್ತರರನ್ನು ಕೇಳಲಿ. ಅದರಿಂದ ಸಮಾಧಾನವಾಗದಿದ್ದರೆ ಶಾಲೆಗೆ ಬಂದು, ‘ಮಾಸ್ತರೇ, ನಮ್ಮ ಹುಡುಗ ಎಲ್ಲಿ ಸುಧಾರಿಸಬೇಕು?’ ಎನ್ನಿ. ‘ಆ ಇನ್ನೊಬ್ಬನಿಗಿಂತ ನಮ್ಮವನು ಏನು ಕಡಿಮೆ?’ ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಕೆಟ್ಟಿತು. ಬೇರೆ ಮಗುವಿನ ಹೆಸರು ಎತ್ತಿದ ಕೂಡಲೇ ಮಾತು ನಿಲ್ಲಿಸುವ ಹಕ್ಕು ಮಾಸ್ತರರಿಗಿದೆ. ಜಾತಿ, ಕೇರಿ, ಮಾಸ್ತರರ ನೆಂಟಸ್ತಿಕೆ ಎತ್ತಿದರಂತೂ ಮುಂದಿನ ಮಾತು ಹೆಡ್‌ಮಾಸ್ತರರ ಎದುರಿಗೇ ಆಗಲಿ.

ಮೈದಾನದ ಅಂಚಿನಲ್ಲಿ ಪಾಲಕರು

ಕಾರವಾರದ ಮಾಲಾದೇವಿ ಮೈದಾನ, ಅಂಕೋಲೆಯ ಜೈಹಿಂದ್ ಮೈದಾನ, ಕುಮಟಾದ ಮಣಕಿ ಮೈದಾನ, ಎಲ್ಲಿಯೇ ಆಗಲಿ, ಗೆರೆಯಿಂದ ಕನಿಷ್ಠ 3 ಮೀಟರ್ ದೂರ ನಿಲ್ಲಿ. ಅದು ಆಟದ್ದೇ ಜಾಗ. ಚೆಂಡಿನ ಹಿಂದೆ ಓಡಿಬರುವ ಹುಡುಗ ನಿಮ್ಮ ಕಾಲಿಗೋ ಕೊಡೆಯ ತುದಿಗೋ ಬಡಿಯುತ್ತಾನೆ. ಮಳೆಗಾಲದ ಪಂದ್ಯದಲ್ಲಿ ಈ ಕೊಡೆಗಳದ್ದೇ ದೊಡ್ಡ ಕಾಟ.

ಕೂಗಿ ಹುರಿದುಂಬಿಸಿ, ಅಡ್ಡಿಯಿಲ್ಲ. ‘ಮುಂದೆ ಬಾ, ಹಿಂದೆ ಹೋಗು, ಅವನಿಗೆ ಕೊಡು’ ಎನ್ನುವುದು ಬೇಡ. ಹುಡುಗನಿಗೆ ಒಂದೇ ಹೊತ್ತಿಗೆ ಮಾಸ್ತರರ ಮಾತು, ಲಿಫ್ಟರಿನ ಮಾತು, ಅಪ್ಪನ ಮಾತು ಮೂರೂ ಕೇಳಿದರೆ ಅವನು ಕೇಳುವುದು ಅಪ್ಪನದ್ದನ್ನೇ, ಚೆಂಡು ಬೀಳುವುದು ಇಬ್ಬರ ನಡುವೆ.

ರೆಫ್ರಿಯ ಜೊತೆ ಮಾತಾಡಲು ಆಟದಲ್ಲಿರುವ ಕ್ಯಾಪ್ಟನ್‌ಗೆ ಮಾತ್ರ ಅವಕಾಶ. ಅವನೂ ಚೆಂಡು ಸತ್ತ ಮೇಲೆ, ಕೈ ಎತ್ತಿ, ವಿವರಣೆ ಕೇಳಬಹುದು ಅಷ್ಟೆ. ತಂಡದವರ ಅನುಚಿತ ವರ್ತನೆಗೆ ಹಳದಿ ಕಾರ್ಡು ಎಚ್ಚರಿಕೆ. ಕೆಂಪು ತೋರಿಸಿದರೆ ಎದುರಿನವರಿಗೆ ಒಂದು ಪಾಯಿಂಟು ಮತ್ತು ಸರ್ವ್. ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ತೋರಿಸಿದರೆ ಆ ಸೆಟ್ಟಿನಿಂದ ಹೊರಗೆ, ಎರಡು ಕೈಯಲ್ಲಿ ಬೇರೆ ಬೇರೆಯಾಗಿ ತೋರಿಸಿದರೆ ಇಡೀ ಪಂದ್ಯದಿಂದಲೇ ಹೊರಗೆ. ಪಾಲಕರು ರೆಫ್ರಿಯ ಕುರ್ಚಿಯ ಹತ್ತಿರ ಹೋಗಿ ಜಗಳಕ್ಕೆ ನಿಂತರೆ ಮೊದಲು ತಾಳ್ಮೆ ತಪ್ಪುವುದು ತಂಡದ ಮಕ್ಕಳದ್ದು, ಕಾರ್ಡು ಬೀಳುವುದೂ ಅವರಿಗೇ. ಲೈನ್ ತೀರ್ಪು ತಪ್ಪಾಗುತ್ತದೆ, ನಿಜ. ಮಳೆಯಲ್ಲಿ ಸುಣ್ಣದ ಗೆರೆ ಅರ್ಧ ಅಳಿಸಿಹೋಗಿರುತ್ತದೆ. ಪಂದ್ಯಕ್ಕೆ ಮೊದಲೇ ಮಾಸ್ತರರು ಗೆರೆಯ ಮೇಲೆ ನಡೆದು ನೋಡಿ, ಮಾಸಿದ ಕಡೆ ಮತ್ತೆ ಎಳೆಸಲು ಹೇಳುವುದು ಇದಕ್ಕಿರುವ ಮದ್ದು. ನಿಮ್ಮ ಶಾಲೆಯ ಅಂಗಳದಲ್ಲಾದರೆ ಸುಣ್ಣ ಬಿಟ್ಟು, ಎರಡು ಇಂಚಿನ ನೈಲಾನ್ ಪಟ್ಟಿಯನ್ನು ಮೊಳೆ ಹೊಡೆದು ಕೂರಿಸಿ. ಮೊಳೆಯ ತಲೆ ಮಣ್ಣಿನೊಳಗೆ ಹುದುಗಿರಬೇಕು.

ನೋವು ಮುಚ್ಚಿಡುವ ರೋಗ

ತಂಡದಿಂದ ತೆಗೆಯುತ್ತಾರೆಂಬ ಹೆದರಿಕೆಯಿಂದ ಮಕ್ಕಳು ಹೇಳುವುದಿಲ್ಲ. ಹಾಗಾಗಿ ಸಭೆಯಲ್ಲೇ ಎಲ್ಲರೆದುರು ಮಾಸ್ತರರು ಹೇಳಬೇಕು: ನೋವು ಹೇಳಿದವನ ಜಾಗ ಅವನಿಗೇ ಕಾದಿರುತ್ತದೆ, ಮುಚ್ಚಿಟ್ಟವನದ್ದು ಹೋಗುತ್ತದೆ.

ಬೆರಳಿಗೆ ಚೆಂಡು ಬಡಿದು ಉಳುಕುವುದು ದಿನನಿತ್ಯದ್ದು. ಪಕ್ಕದಲ್ಲಿದ್ದವನು ಹಿಡಿದು ‘ಟಕ್’ ಎಂದು ಎಳೆಯುತ್ತಾನೆ. ಎಳೆಯಬಾರದು. ಒಳಗೆ ಚೂರು ಮುರಿದಿದ್ದರೆ ಅದು ಜಾಗ ಬಿಟ್ಟು ಸರಿಯುತ್ತದೆ. ಐಸ್ ಇಟ್ಟು, ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ. ತುದಿಯ ಗೆಣ್ಣು ತಾನಾಗಿ ನೆಟ್ಟಗಾಗದೆ ಜೋತುಬಿದ್ದಿದ್ದರೆ, ಬೆರಳು ಸೊಟ್ಟಗಿದ್ದರೆ ಅದೇ ದಿನ ಎಕ್ಸ್‌ರೇ.

ಕಾಲಿನ ಹರಡು ಉಳುಕುವುದು ಹೆಚ್ಚಾಗಿ ಬ್ಲಾಕ್ ಮಾಡಿ ಇಳಿಯುವಾಗ, ಎದುರಿನವನ ಪಾದದ ಮೇಲೆ ಕಾಲಿಟ್ಟು. ಕೂಡಲೇ ಕೂರಿಸಿ, ಕಾಲು ಎತ್ತರದಲ್ಲಿಡಿ. ಐಸ್‌ಗೆ ನಮ್ಮ ಕರಾವಳಿಯಲ್ಲಿ ಬರವಿಲ್ಲ, ಮೀನಂಗಡಿಯದ್ದೇ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟವೆಲಿನಲ್ಲಿ ಸುತ್ತಿ 15–20 ನಿಮಿಷ, ಎರಡು ಮೂರು ತಾಸಿಗೊಮ್ಮೆ. ನೇರ ಚರ್ಮಕ್ಕೆ ತಾಗಿಸಬೇಡಿ. ಮನೆಯಲ್ಲಿ ಅಜ್ಜಿ ಎಣ್ಣೆ ಬಿಸಿಮಾಡಿ ತಿಕ್ಕಲು ಬರುತ್ತಾರೆ. ಮೊದಲ ಎರಡು ದಿನ ಬಿಸಿಯೂ ಬೇಡ, ತಿಕ್ಕುವುದೂ ಬೇಡ, ಬಾವು ಇಮ್ಮಡಿಯಾಗುತ್ತದೆ. ನಾಲ್ಕು ಹೆಜ್ಜೆಯೂ ಊರಿ ನಡೆಯಲಾಗದಿದ್ದರೆ, ಹರಡಿನ ಗಂಟಿನ ಮೂಳೆಯನ್ನೇ ಒತ್ತಿದಾಗ ಜೀವ ಹೋದಂತಾದರೆ ಆಸ್ಪತ್ರೆ. ವಾಪಸು ಆಟಕ್ಕೆ ಬಿಡುವ ಮೊದಲು ನೋವಿಲ್ಲದೆ ನಡೆಯಬೇಕು, ಓಡಬೇಕು, ಉಳುಕಿದ ಕಾಲೊಂದರಲ್ಲೇ 10 ಸಲ ಕುಪ್ಪಳಿಸಬೇಕು. ಮೂರೂ ಆದ ಮೇಲೆ ನೆಟ್ಟಿನ ಹತ್ತಿರ.

ಮಂಡಿಚಿಪ್ಪಿನ ಕೆಳಗೆ ಗಂಟು ಕಟ್ಟಿ ನೋಯುವುದು 8–9ನೇ ತರಗತಿಯ ಮಕ್ಕಳಲ್ಲಿ ಕಾಣುತ್ತದೆ. ಸರಸರನೆ ಎತ್ತರವಾಗುವ ವಯಸ್ಸಿನಲ್ಲಿ ಅತಿಯಾಗಿ ನೆಗೆದರೆ ಬರುವಂಥದ್ದು. ಮದ್ದಿಗಿಂತ ನೆಗೆತ ಕಡಿಮೆ ಮಾಡುವುದೇ ಮುಖ್ಯ: ಆ ಹುಡುಗ ಕೆಲವು ವಾರ ಸರ್ವ್, ರಿಸೀವ್ ಮಾತ್ರ ಮಾಡಲಿ. ತಲೆಗೆ ಪೆಟ್ಟಾದವನು ‘ಏನೂ ಆಗಿಲ್ಲ’ ಎಂದರೂ ಆ ದಿನ ಮತ್ತೆ ಇಳಿಯುವಂತಿಲ್ಲ. ವಾಂತಿ, ತಲೆಸುತ್ತು, ಮಂಕು ಕಂಡರೆ ತಡಮಾಡದೆ ಆಸ್ಪತ್ರೆಗೆ.

ಬೂಟಿನ ಬಗ್ಗೆ ಒಂದು ಮಾತು. ದಪ್ಪ ಹಿಮ್ಮಡಿಯ ಓಟದ ಬೂಟು ಪಕ್ಕಕ್ಕೆ ಹೆಜ್ಜೆ ಹಾಕುವಾಗ ಕಾಲು ಮಗುಚುತ್ತದೆ. ತಳ ಚಪ್ಪಟೆಯಿದ್ದು ಹಿಡಿತ ಕೊಡುವ ರಬ್ಬರಿನದ್ದು ಒಳ್ಳೆಯದು. ಕೊಳ್ಳಲಾಗದ ಮನೆಯವರು ಸಾಲ ಮಾಡಬೇಕಿಲ್ಲ. ಬರಿಗಾಲಲ್ಲಿ ಆಡಲು ಮೊದಲ ರೆಫ್ರಿ ಅನುಮತಿ ಕೊಡಬಹುದೆಂದು ನಿಯಮದಲ್ಲೇ ಇದೆ, ಪಂದ್ಯಕ್ಕೆ ಮೊದಲು ಕೇಳಬೇಕು. ಬಳೆ, ಕಿವಿಯ ರಿಂಗು, ಕೊರಳ ಸರ ಮನೆಯಲ್ಲೇ ಬಿಚ್ಚಿಟ್ಟು ಬರಲಿ.

ಮಳೆ, ಕಡಲು, ಕಾಡು

ಚಿರೆಕಲ್ಲು ಮಣ್ಣಿನ ಅಂಗಳ ಒದ್ದೆಯಾದರೆ ಸೋಪಿನಂತೆ ಜಾರುತ್ತದೆ. ಬೂಟಿನ ಗುರುತಿನಲ್ಲಿ ನೀರು ನಿಲ್ಲುವಷ್ಟು ನೆನೆದಿದ್ದರೆ ನೆಗೆತ ಬೇಡ, ವರಾಂಡದಲ್ಲಿ ಗೋಡೆಗೆ ರಿಸೀವ್ ಮಾಡಿಸಿ: ಗೋಡೆಯಿಂದ 3 ಮೀಟರ್ ದೂರ ನಿಂತು, ತಪ್ಪದೆ 50. ಚರ್ಮದ ಚೆಂಡು ನೀರು ಹೀರಿ ಭಾರವಾಗುತ್ತದೆ, ಮುಂಗೈ ಊದಿಸುತ್ತದೆ. ಚೆಂಡಿನ ತೂಕ 260–280 ಗ್ರಾಂ ಇರಬೇಕು. ಅನುಮಾನ ಬಂದರೆ ಕಿರಾಣಿ ಅಂಗಡಿಯ ತಕ್ಕಡಿ ಇದ್ದೇ ಇದೆ. ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟ ದಿನ ಅಭ್ಯಾಸಕ್ಕೂ ರಜೆ, ಇದರಲ್ಲಿ ಚರ್ಚೆ ಬೇಡ. ಗುಡುಗು ಕೇಳಿದ ಕೂಡಲೇ ಕಂಬ, ಮರ ಬಿಟ್ಟು ಶಾಲೆಯೊಳಗೆ. ಕೊನೆಯ ಗುಡುಗಾಗಿ 30 ನಿಮಿಷ ಕಳೆದ ಮೇಲೆಯೇ ಹೊರಗೆ.

ಮರಳಿನ ಮೇಲೆ ಓಡಿಸುವುದು ಕಾಲಿಗೆ ಒಳ್ಳೆಯದು, ಕಡಲು ಹತ್ತಿರವಿದ್ದವರು ಮಾಡಿಸುತ್ತಾರೆ. ಅಪಾಯವಿರುವುದು ಓಟ ಮುಗಿದ ಮೇಲೆ. ಬೆವೆತ ಮಕ್ಕಳು ಮೈ ತೊಳೆಯಲು ನೀರಿಗಿಳಿಯುತ್ತಾರೆ. ಮಳೆಗಾಲದ ಕಡಲಿನ ಸೆಳೆತಕ್ಕೆ ಈಜು ಬಲ್ಲವನೂ ಒಂದೇ. ಬೀಚಿಗೆ ಕರೆದೊಯ್ದರೆ ಹೋಗುವಾಗ ಒಮ್ಮೆ, ಹೊರಡುವಾಗ ಒಮ್ಮೆ ತಲೆ ಎಣಿಸಿ. ಪಾದ ಒದ್ದೆ ಮಾಡಿಕೊಂಡವನಿಗೂ ಮರುದಿನದಿಂದ ಬೀಚ್ ಬಂದ್.

ಕಾಲಲ್ಲಿ ಗಾಯವಿದ್ದವರು ಕೆಸರಿಗಿಳಿಯುವ ಮೊದಲು ಪಟ್ಟಿ ಹಾಕಿಕೊಳ್ಳಲಿ, ಇಲಿಜ್ವರ ಬರುವುದು ಹೀಗೆಯೇ. ಸಿದ್ದಾಪುರ, ಹೊನ್ನಾವರದ ಕಾಡಂಚಿನ ಶಾಲೆಗಳಲ್ಲಿ ಡಿಸೆಂಬರಿನಿಂದ ಮೇವರೆಗೆ ಚೆಂಡು ಪೊದೆಗೆ ಬಿದ್ದರೆ ಉದ್ದನೆಯ ಕೋಲಿನಲ್ಲಿ ತೆಗೆಯಿರಿ, ಅದು ಮಂಗನ ಕಾಯಿಲೆ ತರುವ ಉಣುಗಿನ ಕಾಲ. ಉಣುಗು ಕಚ್ಚಿ ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಆರೋಗ್ಯ ಕೇಂದ್ರದಲ್ಲಿ ಉಣುಗು ಕಚ್ಚಿದ್ದನ್ನು ಬಾಯಿಬಿಟ್ಟು ಹೇಳಬೇಕು.

ಬುತ್ತಿ ಮತ್ತು ಬಸ್ಸು

ಪಂದ್ಯಕ್ಕೆ ಎರಡು ಮೂರು ತಾಸು ಮೊದಲು ದೋಸೆ, ಅವಲಕ್ಕಿ ಅಥವಾ ಕುಚಲಕ್ಕಿ ಗಂಜಿ, ರೂಢಿಯಿದ್ದದ್ದೇ. ‘ಶಕ್ತಿ ಬರಲಿ’ ಎಂದು ಅಂದೇ ಹೊಸದನ್ನು ತಿನ್ನಿಸಬೇಡಿ. ಬನ್ಸ್, ಬಜ್ಜಿ ಗೆದ್ದ ಮೇಲೆ. ಎರಡು ಪಂದ್ಯಗಳ ನಡುವೆ ಬಾಳೆಹಣ್ಣು, ಶೇಂಗಾ ಚಿಕ್ಕಿ, ಉಪ್ಪು ಸಕ್ಕರೆ ಹಾಕಿದ ಮುರುಗಲು (ಕೋಕಂ) ನೀರು. ವಾಂತಿಭೇದಿಯಾಗಿ ಸುಸ್ತಾದವರಿಗೆ ಒಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ತೊಂದರೆ, ಕೈಯಂದಾಜು ಬೇಡ.

ವಿದ್ಯಾರ್ಥಿ ಬಸ್ ಪಾಸು ಮನೆಯಿಂದ ಶಾಲೆಯ ಮಾರ್ಗಕ್ಕೆ ಮಾತ್ರ. ಪಂದ್ಯದ ಊರಿಗೆ ಹುಡುಗರಿಗೆ ಟಿಕೆಟ್ ದುಡ್ಡು ಬೇಕು. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಗುರುತಿನ ಚೀಟಿ ಕೈಯಲ್ಲಿರಬೇಕು. ಟೆಂಪೋ ಮಾಡಿದರೆ ಸೀಟಿಗೊಬ್ಬರು. ಸಾಮಾನಿನ ಗಾಡಿಯ ಹಿಂದೆ ಮಕ್ಕಳನ್ನು ಹತ್ತಿಸುವುದಕ್ಕೆ ಯಾವ ಪಾಲಕರೂ ಒಪ್ಪಬಾರದು. ಘಟ್ಟ ಹತ್ತುವಾಗ ವಾಂತಿಯಾಗುವ ಮಕ್ಕಳು ಮುಂದಿನ ಸೀಟಿನಲ್ಲಿ ಕೂರಲಿ. ಪಂದ್ಯಕ್ಕಿಂತ ಎರಡು ತಾಸು ಮೊದಲಾದರೂ ಕೆಳಗಿಳಿದಿದ್ದರೆ ಮೈ ಸರಿಹೋಗುತ್ತದೆ.

ಹುಡುಗಿಯರ ತಂಡದ ಜೊತೆ ಒಬ್ಬ ಅಕ್ಕೋರು, ಅವರಿಲ್ಲದಿದ್ದರೆ ಆಟಗಾರ್ತಿಯೊಬ್ಬಳ ತಾಯಿ, ಬಂದೇ ಬರಬೇಕು. ಅವರು ಮೈದಾನ ತಲುಪಿದ ಕೂಡಲೇ ನೋಡಬೇಕಾದದ್ದು ಶೌಚಾಲಯದ ಬಾಗಿಲು, ನೀರು, ಚಿಲಕ. ಕಿಟ್ಟಿನಲ್ಲಿ ಪ್ಯಾಡ್ ಪೊಟ್ಟಣ ಇರಲಿ. ಮುಟ್ಟಿನ ದಿನ ಆಡುವುದು ಬಿಡುವುದು ಹುಡುಗಿಗೇ ಬಿಟ್ಟ ವಿಚಾರ. ವಾಟ್ಸಾಪ್ ಗುಂಪಿನಲ್ಲಿ ಮಾಸ್ತರರ ಸೂಚನೆ ಮಾತ್ರ. ಮಕ್ಕಳ ಫೋಟೋವನ್ನು ಮನೆಯವರ ಒಪ್ಪಿಗೆಯಿಲ್ಲದೆ ಯಾರೂ ಸ್ಟೇಟಸ್ ಹಾಕಿಕೊಳ್ಳುವಂತಿಲ್ಲ.

ಹತ್ತನೇ ತರಗತಿಯವರು

ಎಸ್ಸೆಸ್ಸೆಲ್ಸಿಗೆ ಹಾಜರಾತಿ ಶೇ. 75 ಬೇಕು. ಪಂದ್ಯಕ್ಕೆ ಹೋದ ದಿನವನ್ನು ಹಾಜರಿ ಪುಸ್ತಕದಲ್ಲಿ ನಮೂದಿಸಿದ್ದಾರೆಯೇ ಎಂದು ಆಟಗಾರನೇ ಮರುದಿನ ತರಗತಿ ಶಿಕ್ಷಕರನ್ನು ಕೇಳಲಿ. ತಪ್ಪಿದ ನೋಟ್ಸ್ ಮೂರು ದಿನದೊಳಗೆ ಬರೆದುಕೊಳ್ಳಬೇಕು. ‘ಹತ್ತನೇ ತರಗತಿ, ಆಟ ಸಾಕು’ ಎಂದು ಸೆಪ್ಟೆಂಬರಿನಲ್ಲಿ ಮಗುವನ್ನು ಎಳೆದುಕೊಂಡರೆ ಲಿಫ್ಟರ್ ಇಲ್ಲದ ತಂಡ ಉಳಿಯುತ್ತದೆ. ಬೇಡವೆಂದರೆ ಜುಲೈನಲ್ಲೇ ಬೇಡವೆನ್ನಿ, ಮಾಸ್ತರರು 9ನೇ ತರಗತಿಯ ಒಬ್ಬನನ್ನು ತಯಾರು ಮಾಡಿಕೊಳ್ಳುತ್ತಾರೆ.

ಸಭೆ ಮುಗಿಯುವ ಮೊದಲು ಸಹಿ ಮಾಡಿಸುವ ಚೀಟಿ ಇಷ್ಟಿದ್ದರೆ ಸಾಕು:

‘ನಮ್ಮ ಮಗ/ಮಗಳು ಈ ವರ್ಷ ಶಾಲೆಯ ವಾಲಿಬಾಲ್ ತಂಡದಲ್ಲಿ ಆಡಲು, ಜಿಲ್ಲೆ/ವಿಭಾಗ/ರಾಜ್ಯ ಮಟ್ಟದವರೆಗೆ (ಒಪ್ಪಿದ್ದಕ್ಕೆ ಗುರುತು ಹಾಕಿ) ಹೋಗಲು ಒಪ್ಪಿಗೆಯಿದೆ. ಅಭ್ಯಾಸ ಮುಗಿದ ಮೇಲೆ ಅವನು/ಅವಳು ಮನೆಗೆ ಬರುವುದು: ಬಸ್ಸು/ನಡೆದು/ನಾವು ಬಂದು ಕರೆದೊಯ್ಯುತ್ತೇವೆ. ಇರುವ ಕಾಯಿಲೆ, ಆಗದ ಔಷಧಿ: ____. ತುರ್ತಿಗೆ ನಾವು ಸಿಗದಿದ್ದರೆ ಕರೆಯಬೇಕಾದ ನೆರೆಯವರು: ____. ಪೆಟ್ಟಾದರೆ ಹತ್ತಿರದ ಆಸ್ಪತ್ರೆಗೆ ಸೇರಿಸಲು ಒಪ್ಪಿಗೆಯಿದೆ. ಯಾರನ್ನು ಆಡಿಸಬೇಕೆಂಬ ತೀರ್ಮಾನ ಮಾಸ್ತರರದ್ದು.’

‘ನೆರೆಯವರು’ ಎಂಬ ಸಾಲನ್ನು ಬಿಡಬೇಡಿ. ಅಪ್ಪ ಕಡಲಲ್ಲಿದ್ದು, ಅಮ್ಮ ತೋಟದಲ್ಲಿದ್ದು, ಇಬ್ಬರಿಗೂ ನೆಟ್‌ವರ್ಕ್ ಸಿಗದ ಮಧ್ಯಾಹ್ನಗಳು ನಮ್ಮ ಜಿಲ್ಲೆಯಲ್ಲಿ ಬಹಳ.

ಪಂದ್ಯದ ಹಿಂದಿನ ರಾತ್ರಿ ಚೀಲ ತುಂಬುವುದು ಆಟಗಾರನ ಕೆಲಸ, ಅಮ್ಮನದ್ದಲ್ಲ. ಜೆರ್ಸಿ, ಚಡ್ಡಿ, ಎರಡು ಜೊತೆ ಸಾಕ್ಸ್, ಬೂಟು, ಮಂಡಿಗವಸು, ಟವೆಲು, ಒಣ ಅಂಗಿ, ನೀರಿನ ಬಾಟಲಿ, ಬುತ್ತಿ, ಗುರುತಿನ ಚೀಟಿ, ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಚೀಲ. ಆ ಕೊನೆಯದ್ದನ್ನು ಮರೆತರೆ ಮರುದಿನದ ಸುತ್ತಿಗೆ ಎಲ್ಲವೂ ಒದ್ದೆ.